ಭೂಬಳಕೆ, ಪರಿಸರ ಕಾನೂನು ಕಲಿಯಬೇಕಾ? ನಿಮ್ಮ ಮೇಜಿನ ಮೇಲಿರುವ ಫೈಲಿನಿಂದಲೇ ಶುರು ಮಾಡಿ

ನಗರ ಯೋಜನೆಯ ಪ್ಲಾನರ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬಡಾವಣೆಯ ಫೈಲಿಗೆ ನಾನು ಒಂದು ಷರತ್ತು ಬರೆದಿದ್ದೆ. ಹಳ್ಳದ ದಡದಲ್ಲಿ ಇಂತಿಷ್ಟು ಅಗಲದ ಹಸಿರು ಪಟ್ಟಿ ಬಿಡಬೇಕು ಅಂತ. ಒಳ್ಳೆಯ ಷರತ್ತೇ ಅದು. ಆದರೆ ಮೇಲ್ಮನವಿಗೆ ಹೋದಾಗ ನಿಲ್ಲಲಿಲ್ಲ. ಅಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಈ ಷರತ್ತು ಹಾಕುವ ಅಧಿಕಾರ ಯಾವ ಕಲಮಿನಲ್ಲಿದೆ? ಇಷ್ಟೇ ಅಗಲ ಯಾಕೆ? ಎರಡಕ್ಕೂ ನನ್ನ ತಲೆಯಲ್ಲಿ ಉತ್ತರ ಇತ್ತು. ಫೈಲಿನಲ್ಲಿ ಒಂದು ಸಾಲೂ ಇರಲಿಲ್ಲ. ಕೊನೆಗೆ ಹಳ್ಳದ ಅಂಚಿನವರೆಗೂ ಕಟ್ಟಡ ಬಂತು.

ಅದಾದ ಮೇಲೆ ಕಾನೂನು ಕಲಿಯಲೇಬೇಕು ಅಂತ ಹೊರಟೆ. ತರಬೇತಿಗೆ ಹೋದೆ, ದಪ್ಪ ಪುಸ್ತಕ ತಂದೆ, ಸೆಮಿನಾರುಗಳಲ್ಲಿ ಕೂತೆ. ಕಲಿತದ್ದು ನಿಲ್ಲಲಿಲ್ಲ. ಯಾಕೆಂದರೆ ಅಲ್ಲಿ ಕಾಯ್ದೆಯಿಂದ ಶುರು ಮಾಡುತ್ತಾರೆ, ನಮ್ಮ ಕೆಲಸ ಶುರುವಾಗುವುದು ಜಾಗದಿಂದ. ದಾರಿಯನ್ನು ತಿರುಗಿಸಿ, ನನ್ನದೇ ಹಳೆಯ ಫೈಲುಗಳನ್ನು ಪಠ್ಯಪುಸ್ತಕ ಮಾಡಿಕೊಂಡ ಮೇಲೆ ಕಾನೂನು ಕೈಗೆ ಹತ್ತಿತು. ವಾರಕ್ಕೆ ಎರಡು ಗಂಟೆ ಕೊಟ್ಟರೆ ಸಾಕು. ಆದರೆ ಬಿಡದೆ ಕೊಡಬೇಕು. ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭೂಮಿಯ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಒಂದೇ ದೇಶದಲ್ಲೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲ್ಲಿ ಬರುವ ಪ್ರಕರಣಗಳು ಬೇರೆ ಬೇರೆ ದೇಶದವು. ನ್ಯಾಯಾಲಯ ಒಬ್ಬ ಪ್ಲಾನರನ ಕೆಲಸವನ್ನು ಯಾವ ಕಣ್ಣಿನಿಂದ ನೋಡುತ್ತದೆ ಅನ್ನುವುದನ್ನು ಕಲಿಯಲು ಅವು ಬೇಕು. ನಿಮ್ಮ ಆದೇಶದಲ್ಲಿ ಬರೆಯಬೇಕಾದದ್ದು ಮಾತ್ರ ನಿಮ್ಮ ನೆಲದ ಕಾನೂನು.

ಹಂತ 1: ಒಂದು ಜಾಗ ಹಿಡಿದು ಅದರ ಕಾನೂನಿನ ನಕ್ಷೆ ಬರೆಯಿರಿ

ತೀರ್ಮಾನವಾಗಿ ಮುಗಿದಿರುವ ಒಂದು ಫೈಲು ತೆಗೆದುಕೊಳ್ಳಿ. ನಡೆಯುತ್ತಿರುವ ಫೈಲು ಬೇಡ, ಅದರಲ್ಲಿ ಅವಸರ ಇರುತ್ತದೆ. ತೀರಾ ಸುಲಭದ್ದೂ ಬೇಡ. ನೀರು, ರಸ್ತೆ, ಮರ, ಪಕ್ಕದ ಮನೆಯವರ ತಕರಾರು, ಇವುಗಳಲ್ಲಿ ಕನಿಷ್ಠ ಎರಡಾದರೂ ಇರುವುದು ಒಳ್ಳೆಯದು.

ಈಗ ದೊಡ್ಡ ಹಾಳೆಯಲ್ಲಿ ಒಂದು ಕೋಷ್ಟಕ ಹಾಕಿ. ಎಡಗಡೆ ಆ ಜಾಗಕ್ಕೆ ತಾಗುವ ವಿಷಯಗಳು: ಮಾಲೀಕತ್ವ ಮತ್ತು ದಾರಿಯ ಹಕ್ಕು, ಭೂಬಳಕೆ ವಲಯ, ನಿವೇಶನ ವಿಂಗಡಣೆ, ಕಟ್ಟಡ ನಿಯಮ, ಒಳಚರಂಡಿ, ಪ್ರವಾಹ, ಜಲಮೂಲ, ಮರ ಮತ್ತು ಕಾಡು, ಪಾರಂಪರಿಕ ಕಟ್ಟಡ, ಮಾಲಿನ್ಯ, ಪರಿಸರ ಅನುಮತಿ. ಪ್ರತಿಯೊಂದರ ಮುಂದೆಯೂ ಐದು ಮನೆ: ಯಾವ ಕಾಯ್ದೆ, ಯಾವ ಕಲಂ, ಯಾರು ತೀರ್ಮಾನಿಸುತ್ತಾರೆ, ಎಷ್ಟು ದಿನದೊಳಗೆ, ಒಪ್ಪಿಗೆ ಇಲ್ಲದವರು ಎಲ್ಲಿಗೆ ಹೋಗಬೇಕು. ಗೊತ್ತಿದ್ದದ್ದನ್ನು ತುಂಬಿ. ನೆನಪಿನಿಂದಲೇ ತುಂಬಿ, ಸುಮ್ನೆ ಹುಡುಕಲು ಹೋಗಬೇಡಿ.

ಖಾಲಿ ಉಳಿದ ಮನೆಗಳೇ ನಿಮ್ಮ ಪಠ್ಯಕ್ರಮ. ನನ್ನ ಮೊದಲ ಹಾಳೆಯಲ್ಲಿ ಕೊನೆಯ ಎರಡು ಕಾಲಂ ಹೆಚ್ಚುಕಡಿಮೆ ಪೂರ್ತಿ ಖಾಲಿ ಇದ್ದವು. ಕಾಲಮಿತಿ ಮತ್ತು ಮೇಲ್ಮನವಿ. ಜನರಿಗೆ ಅತಿ ಹೆಚ್ಚು ಬೇಕಾದ ಎರಡು ಸಂಗತಿಗಳೇ ಅವು, ಅಲ್ವಾ?

ಈ ಹಾಳೆಯಿಂದ ಇನ್ನೊಂದು ಲಾಭ ಇದೆ. ಎರಡು ಇಲಾಖೆಗಳ ನಡುವೆ ಬಿದ್ದುಹೋಗುವ ವಿಷಯ ಕಣ್ಣಿಗೆ ಬೀಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಒಂದು ಪೆಟ್ರೋಲ್ ಬಂಕಿನ ಪ್ರಕರಣ ಸಂವಿಧಾನ ನ್ಯಾಯಾಲಯದವರೆಗೆ ಹೋಗಿತ್ತು, 2007ರಲ್ಲಿ ತೀರ್ಪು ಬಂತು. ಫ್ಯುಯೆಲ್ ರೀಟೇಲರ್ಸ್ ಪ್ರಕರಣ ಅಂತ ಕರೆಯುತ್ತಾರೆ. ಅಲ್ಲಿ ಬಂಕು ಬೇಕೋ ಬೇಡವೋ ಅನ್ನುವುದನ್ನು ಊರಿನ ಆಡಳಿತ ವಲಯ ಬದಲಿಸುವಾಗಲೇ ನೋಡಿದೆ, ನಾವು ಮತ್ತೆ ನೋಡಬೇಕಿಲ್ಲ ಅಂತ ಪರಿಸರ ಅಧಿಕಾರಿಗಳು ಬಿಟ್ಟಿದ್ದರು. ನ್ಯಾಯಾಲಯ ಒಪ್ಪಲಿಲ್ಲ. ಪರಿಸರ ಕಾನೂನು ನಿಮ್ಮ ಮೇಲೆ ಹಾಕಿದ ಕೆಲಸವನ್ನು ನೀವೇ ಮಾಡಬೇಕು, ಇನ್ನೊಬ್ಬರು ಮಾಡಿದ್ದಾರೆ ಅಂತ ಕೈಬಿಡುವಂತಿಲ್ಲ ಅಂದು ಅನುಮತಿಯನ್ನು ರದ್ದು ಮಾಡಿತು. ನಿಮ್ಮ ಕೋಷ್ಟಕದಲ್ಲಿ ಒಂದೇ ವಿಷಯ ಎರಡು ಸಾಲಿನಲ್ಲಿ ಬಂದರೆ ಅಲ್ಲೊಂದು ಕೆಂಪು ಗುರುತು ಹಾಕಿಕೊಳ್ಳಿ.

ಹಂತ 2: ಯಾವುದರ ಮೇಲೆ ಯಾವುದು

ಸಂವಿಧಾನ, ಅದರ ಕೆಳಗೆ ಕಾಯ್ದೆ, ಕಾಯ್ದೆಯ ಕೆಳಗೆ ನಿಯಮ, ಆಮೇಲೆ ಅಧಿಸೂಚನೆ, ಉಪವಿಧಿ, ಕೊನೆಗೆ ಸುತ್ತೋಲೆ. ಇದು ಎಲ್ಲರಿಗೂ ಗೊತ್ತು. ಆದರೆ ದಿನನಿತ್ಯದ ಕೆಲಸ ನಡೆಯುವುದು ಉಲ್ಟಾ. ಸುತ್ತೋಲೆ ಮೇಜಿನ ಮೇಲೆ ಇರುತ್ತದೆ, ಕಾಯ್ದೆ ಕಪಾಟಿನಲ್ಲಿ ಇರುತ್ತದೆ. ಸುತ್ತೋಲೆ ಹೇಳಿದ್ದನ್ನು ಕಾಯ್ದೆಯೇ ಹೇಳಿದ ಹಾಗೆ ಬರೆಯುವುದು ನಮ್ಮ ವೃತ್ತಿಯಲ್ಲಿ ತುಂಬ ಸಾಮಾನ್ಯವಾದ ತಪ್ಪು. ಆದ್ದರಿಂದ ಕೋಷ್ಟಕದ ಪ್ರತಿ ಸಾಲಿಗೂ ಕೇಳಿ: ಈ ಮಾತು ಮೊದಲು ಹುಟ್ಟಿದ್ದು ಎಲ್ಲಿ?

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು ಇದೆ. ನಿಮ್ಮಲ್ಲಿ ಮಾಸ್ಟರ್ ಪ್ಲಾನಿಗೆ ಯಾವ ಬಲ ಇದೆ? ಕೆಲವು ಕಡೆ ಪ್ಲಾನೇ ಕಾನೂನು, ಅದನ್ನು ಮೀರಿದರೆ ಅನುಮತಿ ಸಿಂಧು ಅಲ್ಲ. ಇಂಗ್ಲೆಂಡಿನಲ್ಲಿ ಅಷ್ಟು ಬಿಗಿ ಇಲ್ಲ. ಅಲ್ಲಿಯ 2004ರ ಕಾಯ್ದೆ ಹೇಳುವುದು ಇಷ್ಟು: ತೀರ್ಮಾನ ಪ್ಲಾನಿಗೆ ಅನುಗುಣವಾಗಿ ಇರಬೇಕು, ಬೇರೆ ಗಣನೀಯ ಕಾರಣಗಳು ಬೇರೆ ದಾರಿ ತೋರಿಸಿದರೆ ಮಾತ್ರ ಬಿಡಬಹುದು. ಅಮೆರಿಕದಲ್ಲಿ ಝೋನಿಂಗ್, ಅಂದರೆ ವಲಯ ಹಂಚುವ ನಿಯಮಕ್ಕೆ ಕಾನೂನಿನ ಬಲ, ಸಮಗ್ರ ಯೋಜನೆಗೆ ಎಷ್ಟು ಬಲ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮ ಉತ್ತರವನ್ನು ಕಲಂ ಸಂಖ್ಯೆಯ ಜೊತೆಗೆ ಒಂದು ಸಾಲಿನಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಪ್ಲಾನಿನಿಂದ ಸ್ವಲ್ಪ ಸರಿಯುವ ಪ್ರತಿ ಫೈಲಿನಲ್ಲೂ ಅದು ಬೇಕಾಗುತ್ತದೆ.

ಹಂತ 3: ಕಾಯ್ದೆಯನ್ನು ಮೊದಲ ಪುಟದಿಂದ ಓದಬೇಡಿ

ಮೊದಲು ವ್ಯಾಖ್ಯೆಗಳು. ಆಮೇಲೆ ಅಧಿಕಾರ ಕೊಡುವ ಕಲಂ. ಆಮೇಲೆ ವಿನಾಯಿತಿ, ನೋಟಿಸು, ಕಾಲಮಿತಿ, ಮೇಲ್ಮನವಿ. ಕೊನೆಗೆ ಹಳೆಯ ಕಾಯ್ದೆಯಡಿ ಮಾಡಿದ ಕೆಲಸ ಏನಾಗುತ್ತದೆ ಅಂತ ಹೇಳುವ ಉಳಿಸುವಿಕೆಯ ಕಲಂ. ಈ ಕ್ರಮದಲ್ಲಿ ಓದಿದರೆ ದಪ್ಪ ಕಾಯ್ದೆಯೂ ನಾಲ್ಕೈದು ಸಲ ಕೂತರೆ ಮುಗಿಯುತ್ತದೆ.

ಪೆನ್ಸಿಲ್ ಕೈಯಲ್ಲಿರಲಿ. "ತಕ್ಕದ್ದು" ಅಂತ ಬಂದಲ್ಲಿ ಎರಡು ಗೆರೆ ಎಳೆಯಿರಿ, "ಬಹುದು" ಅಂತ ಬಂದಲ್ಲಿ ಒಂದು ಗೆರೆ. ಮೊದಲನೆಯದು ಮಾಡಲೇಬೇಕಾದದ್ದು. ಎರಡನೆಯದು ವಿವೇಚನೆಗೆ ಬಿಟ್ಟದ್ದು, ವಿವೇಚನೆ ಇದ್ದಲ್ಲೆಲ್ಲ ಕಾರಣ ಬರೆಯಬೇಕು. "ಪರಂತು" ಅಂತ ಶುರುವಾಗುವ ಸಾಲಿಗೆ ಚೌಕ ಹಾಕಿ. ಅರ್ಧ ವ್ಯಾಜ್ಯ ಹುಟ್ಟುವುದು ಆ ಚೌಕದೊಳಗೆ.

ವ್ಯಾಖ್ಯೆಗೆ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ಒಂದು ಪದ ಒಂದು ಇಡೀ ಕೆರೆಯಂಚನ್ನು ಉಳಿಸಬಹುದು ಅಥವಾ ಕಳೆಯಬಹುದು. ಅಮೆರಿಕದ 1972ರ ಕ್ಲೀನ್ ವಾಟರ್ ಆಕ್ಟ್ ಅಡಿ ಯಾವ ಜವುಗು ಭೂಮಿಗೆ ರಕ್ಷಣೆ ಇದೆ ಅನ್ನುವ ಜಗಳ ದಶಕಗಟ್ಟಲೆ ನಡೆಯಿತು. ಅದು ಬಂದು ನಿಂತದ್ದು "ಪಕ್ಕದ" ಅನ್ನುವ ಒಂದು ಮಾತಿನ ಮೇಲೆ. ಮಧ್ಯೆ ರಸ್ತೆಯೋ ಏರಿಯೋ ಇದ್ದರೆ ಅದು ಪಕ್ಕದ್ದೋ ಅಲ್ಲವೋ? 2023ರ ಸ್ಯಾಕೆಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಹೊಳೆ ಕೆರೆಗಳ ಜೊತೆ ಮೇಲ್ಮೈಯಲ್ಲೇ ಕಡಿಯದೆ ಕೂಡಿಕೊಂಡಿರುವ ಜವುಗು ಮಾತ್ರ ಆ ಕಾಯ್ದೆಯೊಳಗೆ ಬರುತ್ತದೆ ಅಂದರು. ಉಳಿದ ನಾಲ್ವರು ಆ ಓದನ್ನು ಒಪ್ಪಲಿಲ್ಲ. ನೀರಿನ ವಿಜ್ಞಾನ ಅದೇ, ನೆಲದೊಳಗಿನ ಒರತೆ ಅದೇ. ಪದದ ಓದು ಬದಲಾಯಿತು, ಎಷ್ಟೋ ಜವುಗು ಆ ಕಾಯ್ದೆಯ ಹೊರಗೆ ಬಿತ್ತು.

ಹಾಗಾಗಿ ಈ ವಾರವೇ ಮಾಡಿ: ನಿಮ್ಮ ಕಾನೂನಿನಲ್ಲಿ ಕೆರೆ, ಹಳ್ಳ, ಅಭಿವೃದ್ಧಿ, ಕಟ್ಟಡ, ತೆರೆದ ಜಾಗ, ಕೃಷಿ, ಬಾಧಿತ ವ್ಯಕ್ತಿ, ಈ ಏಳು ಪದಗಳಿಗೆ ಏನು ಅರ್ಥ ಕೊಟ್ಟಿದೆ ಅಂತ ಒಂದು ಪುಟದಲ್ಲಿ ನಕಲು ಮಾಡಿಕೊಳ್ಳಿ. ಕೈಯಾರೆ ಬರೆಯಿರಿ. ಒಂದೇ ಪದಕ್ಕೆ ಎರಡು ಕಾಯ್ದೆಯಲ್ಲಿ ಎರಡು ಅರ್ಥ ಇದ್ದರೆ ಎರಡನ್ನೂ ಬರೆಯಿರಿ.

ಹಂತ 4: ತೀರ್ಪು ಓದುವುದನ್ನು ಜೋಡಿಯಾಗಿ ಕಲಿಯಿರಿ

ತೀರ್ಪು ಅಂದರೆ ಹೆದರಿಕೆ. ನೂರು ಪುಟ, ಉದ್ದುದ್ದ ವಾಕ್ಯ. ಆದರೆ ಪ್ಲಾನರಿಗೆ ಬೇಕಾದದ್ದು ಐದೇ ಸಂಗತಿ, ಒಂದು ಪುಟದಲ್ಲಿ ಹಿಡಿಸುತ್ತದೆ. ಜಾಗದಲ್ಲಿ ಏನಿತ್ತು, ಆಡಳಿತ ಏನು ಮಾಡಿತು, ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಏನು, ಉತ್ತರ ಏನು, ಯಾವ ಸಂಗತಿ ಬೇರೆ ಇದ್ದಿದ್ದರೆ ಉತ್ತರ ಬದಲಾಗುತ್ತಿತ್ತು. ಐದನೆಯದನ್ನು ಬರೆಯದೆ ಮುಗಿಸಬೇಡಿ. ತೀರ್ಪಿನಲ್ಲಿ ಯಾವುದು ನಿಯಮ, ಯಾವುದು ಬರಿಯ ಅಭಿಪ್ರಾಯ ಅಂತ ಬಿಡಿಸಿ ನೋಡುವುದು ಆ ಸಾಲಿನಿಂದ ಬರುತ್ತದೆ.

ಒಂಟಿ ತೀರ್ಪು ಓದಿದರೆ ಅದು ಘೋಷಣೆಯ ಹಾಗೆ ತಲೆಯಲ್ಲಿ ಕೂರುತ್ತದೆ. ಜೋಡಿ ಓದಿದರೆ ಗಡಿ ಕಾಣುತ್ತದೆ. ನಾನು ಎಲ್ಲರಿಗೂ ಮೊದಲು ಓದಿಸುವ ಜೋಡಿ ಅಮೆರಿಕದ್ದು. 1926ರ ಯೂಕ್ಲಿಡ್ ಪ್ರಕರಣ ಪ್ಲಾನಿಂಗ್ ಓದಿದವರಿಗೆಲ್ಲ ಗೊತ್ತು. ಊರನ್ನು ವಲಯಗಳಾಗಿ ಹಂಚಿ, ಇಲ್ಲಿ ಮನೆ, ಅಲ್ಲಿ ಕಾರ್ಖಾನೆ ಅಂತ ಹೇಳುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಇದೆ ಅಂತ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜಾಗದ ಬೆಲೆ ಬಹಳ ಇಳಿಯುತ್ತದೆ ಅನ್ನುವ ವಾದ ನಿಲ್ಲಲಿಲ್ಲ. ಅಷ್ಟು ಓದಿ ನಿಲ್ಲಿಸಿದರೆ ಝೋನಿಂಗ್ ಮಾಡಿದ್ದೆಲ್ಲ ಸರಿ ಅಂತ ಅನಿಸುತ್ತದೆ.

ಎರಡೇ ವರ್ಷದ ಮೇಲೆ, 1928ರಲ್ಲಿ, ನೆಕ್ಟೋ ಪ್ರಕರಣ ಬಂತು. ಅದೇ ಕೋರ್ಟು, ತೀರ್ಪು ಬರೆದವರೂ ಅದೇ ನ್ಯಾಯಮೂರ್ತಿ ಸದರ್‌ಲ್ಯಾಂಡ್. ಕೇಂಬ್ರಿಜ್ ನಗರದಲ್ಲಿ ಒಬ್ಬರ ಜಾಗದ ಒಂದು ಪಟ್ಟಿಯನ್ನು ಮಾತ್ರ ವಸತಿ ವಲಯಕ್ಕೆ ಸೇರಿಸಿದ್ದರು. ಪಕ್ಕದಲ್ಲಿ ಕಾರ್ಖಾನೆಗಳು. ಮನೆ ಕಟ್ಟಿ ಉಪಯೋಗ ಇಲ್ಲದ ಜಾಗ. ಆ ಗೆರೆ ಅಲ್ಲೇ ಹಾದುಹೋಗುವುದರಿಂದ ಜನರ ಆರೋಗ್ಯ, ಸುರಕ್ಷತೆ, ಒಳಿತು ಯಾವುದಕ್ಕೂ ಅನುಕೂಲ ಆಗುವುದಿಲ್ಲ ಅಂತ, ಸ್ಥಳ ನೋಡಿ ಸಂಗತಿ ದಾಖಲಿಸಲು ಕೆಳ ನ್ಯಾಯಾಲಯ ನೇಮಿಸಿದ್ದವರೇ ಬರೆದಿದ್ದರು. ಆ ಒಂದು ಸಂಗತಿಯ ಮೇಲೆ ಆ ಜಾಗದ ಮಟ್ಟಿಗೆ ವಲಯ ಬಿದ್ದುಹೋಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಲಯ ಮಾಡುವ ಅಧಿಕಾರ ಇದೆ, ಹೌದು. ಆದರೆ ಈ ಗೆರೆ ಇಲ್ಲೇ ಯಾಕೆ ಹೋಯಿತು ಅಂತ ಕೇಳಿದರೆ ತೋರಿಸಲು ಏನಾದರೂ ಇರಬೇಕು. ನನ್ನ ಹಸಿರು ಪಟ್ಟಿಗೆ ಕೇಳಿದ ಎರಡು ಪ್ರಶ್ನೆಗಳು ಇವೇ ಅಂತ ಓದಿದ ದಿನ ನನಗೆ ಹೊಳೆಯಿತು.

ಹಂತ 5: ಷರತ್ತು, ಮೀಸಲು ಜಾಗ, ಅಹವಾಲು

ಪ್ಲಾನರಿನ ಮೇಜಿಗೆ ಮತ್ತೆ ಮತ್ತೆ ಬರುವ ವಿಷಯಗಳು ಇವು. ಒಂದೊಂದಕ್ಕೆ ಒಂದೊಂದು ತಿಂಗಳು ಕೊಡಿ.

ಮೊದಲು ಷರತ್ತು. ಇದರಲ್ಲಿ ಅಮೆರಿಕದ ಮೂರು ತೀರ್ಪುಗಳ ಸಾಲು ತುಂಬ ಕಲಿಸುತ್ತದೆ. 1987ರ ನೊಲಾನ್ ಪ್ರಕರಣದಲ್ಲಿ ಸಮುದ್ರದಂಚಿನ ಹಳೆಯ ಮನೆ ಕೆಡವಿ ದೊಡ್ಡದು ಕಟ್ಟಲು ಅನುಮತಿ ಕೇಳಿದರೆ, ಕಡಲತೀರದ ಉದ್ದಕ್ಕೂ ಜನ ಓಡಾಡಲು ದಾರಿ ಬಿಡಿ ಅಂದರು. ಮನೆಯಿಂದ ಆಗುವ ತೊಂದರೆ ರಸ್ತೆಯಿಂದ ಸಮುದ್ರ ಕಾಣದೆ ಹೋಗುವುದು. ಕೇಳಿದ್ದು ತೀರದ ಮೇಲಿನ ದಾರಿ. ತೊಂದರೆಗೂ ಷರತ್ತಿಗೂ ಸಂಬಂಧವೇ ಇಲ್ಲ ಅಂತ ಷರತ್ತು ಬಿತ್ತು.

1994ರ ಡೋಲನ್ ಪ್ರಕರಣ ಇನ್ನೂ ಸೂಕ್ಷ್ಮ. ಅಂಗಡಿ ದೊಡ್ಡದು ಮಾಡಲು ಅನುಮತಿ ಬೇಕಿತ್ತು. ಟೈಗರ್ಡ್ ನಗರ ಆಡಳಿತ, ಹೊಳೆಯ ಪ್ರವಾಹ ಪ್ರದೇಶದ ಜಾಗವನ್ನೂ, ಅದರ ಪಕ್ಕ 15 ಅಡಿ ಪಟ್ಟಿಯನ್ನು ಸೈಕಲ್ ಮತ್ತು ಕಾಲುದಾರಿಗೂ ಬಿಟ್ಟುಕೊಡಿ ಅಂತ ಕೇಳಿತು. ಇಲ್ಲಿ ಸಂಬಂಧ ಇತ್ತು. ಅಂಗಡಿ ದೊಡ್ಡದಾದರೆ ನೀರಿನ ಹರಿವೂ ಹೆಚ್ಚು, ವಾಹನವೂ ಹೆಚ್ಚು. ಆದರೂ ನಗರ ಸೋತಿತು. ಸೈಕಲ್ ದಾರಿ ವಾಹನ ದಟ್ಟಣೆಯನ್ನು ಒಂದಷ್ಟು ಕಡಿಮೆ "ಮಾಡಬಹುದು" ಅಂತ ಬರೆದಿದ್ದರೇ ಹೊರತು, ಮಾಡುತ್ತದೆ ಅಥವಾ ಮಾಡುವ ಸಂಭವ ಇದೆ ಅಂತ ತೋರಿಸಿರಲಿಲ್ಲ. ಪೈಸೆ ಪೈಸೆ ಲೆಕ್ಕ ಬೇಡ, ಆದರೆ ಈ ಯೋಜನೆಯ ಪರಿಣಾಮಕ್ಕೂ ಕೇಳಿದ್ದಕ್ಕೂ ಒರಟಾಗಿಯಾದರೂ ತಾಳೆ ಇರಬೇಕು ಅಂತ ಕೋರ್ಟ್ ಹೇಳಿತು. ಒಂದು "ಬಹುದು" ಇಡೀ ನಗರವನ್ನು ಸೋಲಿಸುವ ಮಟ್ಟಿಗೆ ಹೋಯಿತು. ನಾನು ಟಿಪ್ಪಣಿ ಬರೆಯುವಾಗ ಇವತ್ತಿಗೂ ಆ ಪದ ಬಂದರೆ ಕೈ ನಿಲ್ಲುತ್ತದೆ.

ಮೂರನೆಯದು 2024ರ ಶೀಟ್ಜ್. ಒಂದು ಮನೆ ಕಟ್ಟಲು 23,420 ಡಾಲರ್ ಸಂಚಾರ ಶುಲ್ಕ, ಅದೂ ಎಲ್ಲರಿಗೂ ಅನ್ವಯಿಸುವ ದರಪಟ್ಟಿಯ ಪ್ರಕಾರ. ಇದು ಶಾಸನ ಮಾಡಿ ಹಾಕಿದ್ದು, ಅದಕ್ಕೆ ಸಂಬಂಧ, ತಾಳೆ ನೋಡುವ ಈ ಪರೀಕ್ಷೆ ಬೇಡ ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. ನಿಮ್ಮ ದೇಶದಲ್ಲಿ ಈ ತೀರ್ಪುಗಳಿಗೆ ಬಲ ಇಲ್ಲದಿರಬಹುದು. ಆದರೆ ಷರತ್ತು ಬರೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎಲ್ಲ ಕಡೆಯೂ ಇವೇ: ಯಾವ ತೊಂದರೆಗೆ ಇದು ಮದ್ದು, ತೊಂದರೆ ಎಷ್ಟು, ಮದ್ದು ಎಷ್ಟು.

ಇನ್ನು ಮೀಸಲು ಜಾಗ. ಭಾರತದ ಸುಪ್ರೀಂ ಕೋರ್ಟಿನ 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ತೀರ್ಪನ್ನು ಪೂರ್ತಿ ಓದಿ. ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ತಾನೇ ಅನ್ನುವ ವಾದ ಬಂತು. ಉದ್ಯಾನದ ಜಾಗ ಉದ್ಯಾನಕ್ಕೇ, ಮೇಲಿನವರ ಸೂಚನೆ ಕಾಯ್ದೆಗಿಂತ ದೊಡ್ಡದಲ್ಲ, ಅಲ್ಲಿ ವಾಸಿಸುವವರಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆ ಅಂತ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಒತ್ತಡದಲ್ಲಿ ಕೆಲಸ ಮಾಡುವ ಪ್ಲಾನರಿಗೆ ಬೆನ್ನು ನೇರ ಮಾಡಿಕೊಂಡು ಕೂರಲು ಇಂಥ ತೀರ್ಪು ಬೇಕು.

ಅಹವಾಲಿನ ವಿಷಯಕ್ಕೆ ಇಂಗ್ಲೆಂಡಿನಲ್ಲಿ ನಾಲ್ಕು ಸೂತ್ರ ಇವೆ. 1985ರ ಗನ್ನಿಂಗ್ ಪ್ರಕರಣದಲ್ಲಿ ಹುಟ್ಟಿದವು, 2014ರಲ್ಲಿ ಮೋಸ್ಲಿ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು. ಯೋಜನೆ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಜನರ ಅಭಿಪ್ರಾಯ ಕೇಳಬೇಕು. ಜನ ಬುದ್ಧಿ ಓಡಿಸಿ ಉತ್ತರಿಸುವಷ್ಟು ಕಾರಣ, ಮಾಹಿತಿ ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರವನ್ನು ಮನಸ್ಸಿಟ್ಟು ಪರಿಗಣಿಸಬೇಕು. ಎರಡೂ ಪ್ಲಾನಿಂಗ್ ಪ್ರಕರಣಗಳಲ್ಲ, ಒಂದು ಶಾಲೆಗಳದ್ದು, ಇನ್ನೊಂದು ಸ್ಥಳೀಯ ತೆರಿಗೆ ರಿಯಾಯಿತಿಯದ್ದು. ಆದರೂ ನಮ್ಮ ಸಭೆಗಳಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನಾನು ನೋಡಿಲ್ಲ. ನಿಮ್ಮ ಕಳೆದ ಅಹವಾಲು ಸಭೆಯ ದಾಖಲೆ ತೆಗೆದು ನಾಲ್ಕಕ್ಕೂ ಅಂಕ ಕೊಡಿ. ನಾಲ್ಕನೆಯದರಲ್ಲೇ ಜಾಸ್ತಿ ಸೋಲುವುದು. ಆಕ್ಷೇಪಣೆ ಬಂತು, ಫೈಲಿಗೆ ಸೇರಿತು, ಆದೇಶದಲ್ಲಿ ಅದರ ಬಗ್ಗೆ ಒಂದು ಮಾತಿಲ್ಲ.

ಹಂತ 6: ಪರಿಸರ ವರದಿಯನ್ನು ತಪ್ಪು ಹುಡುಕುವ ಕಣ್ಣಿನಿಂದ ಓದಿ

ಪರಿಸರ ಕಾನೂನು ತುಂಬ ದೊಡ್ಡದು. ಎಲ್ಲವನ್ನೂ ಒಮ್ಮೆಲೇ ಕಲಿಯಲು ಹೋದರೆ ಯಾವುದೂ ಬರುವುದಿಲ್ಲ. ಪರಿಸರ ಪರಿಣಾಮ ಅಂದಾಜಿನಿಂದ ಶುರು ಮಾಡಿ, ಏಕೆಂದರೆ ಭೂಬಳಕೆಯೂ ಪರಿಸರವೂ ಒಂದೇ ಮೇಜಿನಲ್ಲಿ ಸೇರುವುದು ಅಲ್ಲಿ. ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಸಹಿ ಬಿದ್ದದ್ದು 1970ರ ಜನವರಿ 1ರಂದು, ಅಲ್ಲಿಂದ ಈ ಪದ್ಧತಿ ಜಗತ್ತಿಗೆ ಹಬ್ಬಿತು. ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಬಂದ 1992ರ ರಿಯೊ ಘೋಷಣೆಯ 17ನೇ ತತ್ವ ಇದನ್ನೇ ಹೇಳುತ್ತದೆ. 10ನೆಯದು ಜನರ ಮಾಹಿತಿ ಮತ್ತು ಭಾಗವಹಿಸುವಿಕೆಯದ್ದು, 15ನೆಯದು ಮುನ್ನೆಚ್ಚರಿಕೆಯದ್ದು, 16ನೆಯದು ಮಾಲಿನ್ಯ ಮಾಡಿದವರೇ ವೆಚ್ಚ ಭರಿಸಬೇಕು ಅನ್ನುವುದು. ಈ ನಾಲ್ಕನ್ನು ಬಾಯಿಪಾಠ ಮಾಡಿದರೂ ನಷ್ಟ ಇಲ್ಲ. ಭಾರತದ ಸುಪ್ರೀಂ ಕೋರ್ಟ್ 1996ರ ವೆಲ್ಲೂರು ತೀರ್ಪಿನಲ್ಲಿ ಮುನ್ನೆಚ್ಚರಿಕೆ ಮತ್ತು ಮಾಲಿನ್ಯದ ವೆಚ್ಚ, ಎರಡೂ ತತ್ವಗಳನ್ನು ದೇಶದ ಕಾನೂನಿನ ಭಾಗ ಅಂತ ಸಾರಿತು.

ಇಲ್ಲಿ ಮೊದಲು ಬಗೆಹರಿಸಿಕೊಳ್ಳಬೇಕಾದದ್ದು: ನಿಮ್ಮ ಕಾನೂನು ಒಳ್ಳೆಯ ತೀರ್ಮಾನವನ್ನು ಕೇಳುತ್ತದೋ, ತಿಳಿದು ಮಾಡಿದ ತೀರ್ಮಾನವನ್ನು ಮಾತ್ರ ಕೇಳುತ್ತದೋ? ಅಮೆರಿಕದ ಕೋರ್ಟು 1989ರ ರಾಬರ್ಟ್‌ಸನ್ ಪ್ರಕರಣದಲ್ಲಿ ತಮ್ಮ ಕಾಯ್ದೆ ಎರಡನೆಯ ಬಗೆಯದ್ದು ಅಂದಿತು. ಪರಿಣಾಮ ಏನು ಅಂತ ಸರಿಯಾಗಿ ನೋಡಲೇಬೇಕು, ನೋಡಿದ ಮೇಲೆ ಪರಿಸರಕ್ಕೆ ಹಿತವಾದದ್ದನ್ನೇ ಆರಿಸಬೇಕು ಅಂತ ಆ ಕಾಯ್ದೆ ಹೇಳುವುದಿಲ್ಲ. ನನಗೆ ಇದು ಸಾಲದು ಅನಿಸುತ್ತದೆ. ಆದರೆ ಹಾಗಿರುವಲ್ಲಿ ಪ್ಲಾನರಿನ ನಿಜವಾದ ಶಕ್ತಿ ಇರುವುದು ಏನನ್ನು ನೋಡಬೇಕು ಅಂತ ನಿಗದಿ ಮಾಡುವ ಹಂತದಲ್ಲಿ, ಕೊನೆಯ ಸಹಿಯಲ್ಲಿ ಅಲ್ಲ.

ಏನನ್ನು ನೋಡಬೇಕು ಅನ್ನುವುದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಇಂಗ್ಲೆಂಡಿನ 2024ರ ಫಿಂಚ್ ಪ್ರಕರಣ ನೋಡಿ. ಸರ್ರಿಯಲ್ಲಿ ತೈಲ ಬಾವಿಗೆ ಪ್ಲಾನಿಂಗ್ ಅನುಮತಿ ಕೊಡುವಾಗ, ಬಾವಿ ಕೊರೆಯುವಾಗಿನ ಹೊಗೆಯನ್ನು ಮಾತ್ರ ಲೆಕ್ಕ ಹಾಕಿದ್ದರು. ತೆಗೆದ ಎಣ್ಣೆ ಎಲ್ಲೋ ಉರಿದಾಗ ಬರುವ ಹೊಗೆಯನ್ನು ಬಿಟ್ಟಿದ್ದರು. ಮೂವರು ನ್ಯಾಯಮೂರ್ತಿಗಳು ಅದೂ ಈ ಯೋಜನೆಯದ್ದೇ ಪರಿಣಾಮ ಅಂದರು, ಇಬ್ಬರು ಒಪ್ಪಲಿಲ್ಲ. ಅನುಮತಿ ರದ್ದಾಯಿತು. ಭಿನ್ನ ತೀರ್ಪನ್ನೂ ಓದಿ, ಎರಡೂ ಕಡೆಯ ತರ್ಕ ಗಟ್ಟಿ ಇದೆ.

ಆಮೇಲೆ ನಿಮ್ಮ ಕೈಗೆ ಸಿಗುವ ಒಂದು ಪರಿಸರ ವರದಿಯನ್ನು ತೆಗೆದುಕೊಂಡು ಕೂರಿ. ಸಾರಾಂಶ ಓದಬೇಡಿ, ಅದನ್ನು ಕೊನೆಗೆ ಓದಿ. ಪರ್ಯಾಯ ಜಾಗಗಳನ್ನು ನಿಜವಾಗಿ ಹೋಲಿಸಿದ್ದಾರೋ, ಹೆಸರಿಗೆ ಹಾಕಿದ್ದಾರೋ? ನೀರು, ಹಕ್ಕಿ, ಗಾಳಿಯ ಮಾಹಿತಿ ಯಾವ ತಿಂಗಳಲ್ಲಿ ಸಂಗ್ರಹಿಸಿದ್ದು? ಒಣ ಕಾಲದಲ್ಲಿ ಅಳೆದು ಪ್ರವಾಹ ಇಲ್ಲ ಅಂದರೆ ಹೇಗೆ? ಪಕ್ಕದ ಯೋಜನೆಗಳನ್ನು ಸೇರಿಸಿ ಒಟ್ಟು ಭಾರ ಎಷ್ಟು ಅಂತ ನೋಡಿದ್ದಾರೋ? ತೊಂದರೆ ತಗ್ಗಿಸುವ ಕ್ರಮ ಬರೆದಲ್ಲಿ ಯಾರು, ಯಾವಾಗ, ಯಾರ ಖರ್ಚಿನಲ್ಲಿ, ಮಾಡದಿದ್ದರೆ ಏನು ಅನ್ನುವುದು ಇದೆಯೋ? ಒಂದು ದೊಡ್ಡ ಯೋಜನೆಯನ್ನು ಪರಿಸರ ಅನುಮತಿ ಬೇಕಿಲ್ಲದ ಮಿತಿಯೊಳಗೆ ಇಳಿಸಲು ತುಂಡು ತುಂಡು ಮಾಡಿದ್ದಾರೋ? ಮೂರು ವರದಿ ಹೀಗೆ ಓದಿದರೆ ನಾಲ್ಕನೆಯದರಲ್ಲಿ ಎಲ್ಲಿ ಪೊಳ್ಳು ಇದೆ ಅನ್ನುವುದು ಪುಟ ತಿರುಗಿಸುವಾಗಲೇ ಗೊತ್ತಾಗುತ್ತದೆ.

ಹಂತ 7: ಕಾನೂನು ಬದಲಾಗಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ

ಅಮೆರಿಕದಲ್ಲಿ, ಕಾಯ್ದೆಯ ಮಾತು ಅಸ್ಪಷ್ಟ ಇದ್ದರೆ ಇಲಾಖೆಯ ಅರ್ಥಕ್ಕೆ ನ್ಯಾಯಾಲಯ ಮನ್ನಣೆ ಕೊಡಬೇಕು ಅನ್ನುವ 1984ರ ಶೆವ್ರಾನ್ ತತ್ವ 40 ವರ್ಷ ನಡೆಯಿತು. 2024ರ ಜೂನಿನಲ್ಲಿ ಬಿತ್ತು. ಭಾರತದಲ್ಲಿ ಇನ್ನೂ ಬೇಗ ತಿರುಗಿದ್ದಿದೆ. ಕೆಲಸ ಶುರು ಮಾಡಿದ ಮೇಲೆ ಹಿಂದಿನಿಂದ ಪರಿಸರ ಅನುಮತಿ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ವನಶಕ್ತಿ ಪ್ರಕರಣದಲ್ಲಿ ಹೇಳಿತು. ನವೆಂಬರಿನಲ್ಲಿ ಮೂವರ ಪೀಠ ಎರಡು-ಒಂದರ ಬಹುಮತದಿಂದ ಆ ತೀರ್ಪನ್ನೇ ಹಿಂದಕ್ಕೆ ಪಡೆಯಿತು. ಮೇ ತಿಂಗಳ ಟಿಪ್ಪಣಿಯನ್ನು ಡಿಸೆಂಬರಿನಲ್ಲಿ ಹಾಗೇ ನಕಲು ಮಾಡಿದವರ ಗತಿ ಯೋಚಿಸಿ.

ತಿಂಗಳಲ್ಲಿ ಒಂದು ಗಂಟೆ ಇದಕ್ಕೇ ಮೀಸಲಿಡಿ. ನಿಮ್ಮ ಕೋಷ್ಟಕದ ಪ್ರತಿ ಕಾಯ್ದೆಗೂ ತಿದ್ದುಪಡಿ ಬಂದಿದೆಯಾ, ಬಂದದ್ದು ಜಾರಿಗೆ ಬಂದಿದೆಯಾ ಅಂತ ನೋಡಿ. ಅಂಗೀಕಾರ ಆದ ದಿನ ಬೇರೆ, ಜಾರಿಯಾಗುವ ದಿನ ಬೇರೆ. ತೀರ್ಪು ಬಳಸುವ ಮೊದಲು, ಆಮೇಲಿನ ತೀರ್ಪುಗಳು ಅದನ್ನು ಒಪ್ಪಿವೆಯಾ, ಬದಿಗಿಟ್ಟಿವೆಯಾ ಅಂತ ಹುಡುಕಿ. ದುಡ್ಡು ಕೊಡದೆ ಸಿಗುವ ಮೂಲಗಳೇ ಬೇಕಾದಷ್ಟಿವೆ: ಭಾರತಕ್ಕೆ ಇಂಡಿಯಾ ಕೋಡ್ ಮತ್ತು ಇಂಡಿಯನ್ ಕಾನೂನ್, ಬ್ರಿಟನ್ನಿಗೆ ಬೈಲಿ, ಕೆನಡಾಕ್ಕೆ ಕ್ಯಾನ್‌ಲಿ, ಆಸ್ಟ್ರೇಲಿಯಾಕ್ಕೆ ಆಸ್ಟ್‌ಲಿ, ಅಮೆರಿಕಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದ ಕಾನೂನು ಮಾಹಿತಿ ಸಂಸ್ಥೆ. ಹಲವು ದೇಶಗಳ ಪರಿಸರ ಕಾನೂನು ಒಂದೇ ಕಡೆ ಬೇಕಿದ್ದರೆ ಇಕೋಲೆಕ್ಸ್.

ಎಐ ಚಾಟ್‌ಬಾಟ್ ಹತ್ತಿರ ಅರ್ಥ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದು ಕೊಟ್ಟ ಪ್ರಕರಣದ ಹೆಸರನ್ನು ಮೂಲದಲ್ಲಿ ತೆರೆದು ಓದದೆ ಫೈಲಿಗೆ ಹಾಕಬೇಡಿ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ, ಚಾಟ್‌ಜಿಪಿಟಿ ಹುಟ್ಟುಹಾಕಿದ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿತ್ತು.

ಹಂತ 8: ಕೋರ್ಸು ಆರಿಸುವಾಗ

ಕೆಲವು ವೃತ್ತಿ ಸಂಸ್ಥೆಗಳಲ್ಲಿ ಕಾನೂನಿನ ಕಲಿಕೆ ಕಡ್ಡಾಯ. ಅಮೆರಿಕದ ಪ್ಲಾನರುಗಳ ವೃತ್ತಿ ಸಂಸ್ಥೆ ಎಐಸಿಪಿಯ ಸದಸ್ಯರು ಎರಡು ವರ್ಷಕ್ಕೆ 32 ಕ್ರೆಡಿಟ್‌ನಷ್ಟು ಕಲಿಕೆ ಮಾಡಬೇಕು, ಅದರಲ್ಲಿ ಕಾನೂನು ಇರಲೇಬೇಕು. ಕಡ್ಡಾಯ ಇರಲಿ ಬಿಡಲಿ, ಸೇರುವ ಮೊದಲು ಮೂರು ವಿಷಯ ವಿಚಾರಿಸಿ. ತೀರ್ಪಿನ ಮೂಲವನ್ನು ಓದಿಸುತ್ತಾರಾ, ಸ್ಲೈಡು ಮಾತ್ರ ತೋರಿಸುತ್ತಾರಾ? ಏನಾದರೂ ಬರೆಸಿ ತಿದ್ದುತ್ತಾರಾ? ಪಾಠ ಮಾಡುವವರು ಈ ಎರಡು ವರ್ಷದಲ್ಲಿ ಇಂಥ ಪ್ರಕರಣ ನಡೆಸಿದ್ದಾರಾ ಅಥವಾ ತೀರ್ಮಾನಿಸಿದ್ದಾರಾ? ಮೂರಕ್ಕೂ ಇಲ್ಲ ಅಂದರೆ ಆ ಸಮಯವನ್ನು ಮುಂದಿನ ಹಂತಕ್ಕೆ ಕೊಡಿ.

ಹಂತ 9: ನಾಲ್ಕು ಜನ ಕೂಡಿ, ಹಳೆಯ ಆದೇಶವನ್ನು ಮತ್ತೆ ಬರೆಯಿರಿ

ಇಷ್ಟೆಲ್ಲದರಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದು. ತಿಂಗಳಿಗೊಮ್ಮೆ ನಾಲ್ಕೈದು ಜನ ಸೇರಿ. ಒಬ್ಬರು ತಮ್ಮ ಹಳೆಯ ಆದೇಶ ತರಬೇಕು, ಹೆಸರು ವಿಳಾಸ ಅಳಿಸಿ. ಇನ್ನೊಬ್ಬರು ಅರ್ಜಿದಾರರ ವಕೀಲರಾಗಬೇಕು, ಮತ್ತೊಬ್ಬರು ಪಕ್ಕದ ಮನೆಯವರ ವಕೀಲರು. ಇಬ್ಬರೂ ಅದೇ ಆದೇಶವನ್ನು ಎರಡು ಕಡೆಯಿಂದ ಎಳೆಯಲಿ. ಆದೇಶ ಬರೆದವರು ಮಧ್ಯೆ ಮಾತಾಡುವಂತಿಲ್ಲ, ಕೇಳಿಸಿಕೊಳ್ಳಬೇಕು ಅಷ್ಟೇ. ಕೋರ್ಟಿನಲ್ಲೂ ನಿಮ್ಮ ಪರವಾಗಿ ಮಾತಾಡುವುದು ನಿಮ್ಮ ಫೈಲು ಮಾತ್ರ.

ಅರ್ಧ ಗಂಟೆ ಆದಮೇಲೆ ಎಲ್ಲರೂ ಸೇರಿ ಕಾರಣದ ಭಾಗವನ್ನು ಮತ್ತೆ ಬರೆಯಿರಿ. ನಮ್ಮ ಗುಂಪಿನಲ್ಲಿ ನಡೆಯುವ ಕ್ರಮ ಹೀಗೆ: ಈ ಕಲಮಿನ ಅಡಿ ಈ ಅಧಿಕಾರ ಇದೆ, ಈ ದಾಖಲೆಗಳನ್ನು ನೋಡಿದೆವು, ಸ್ಥಳದಲ್ಲಿ ಇದು ಕಂಡಿತು, ಈ ಆಕ್ಷೇಪಣೆಗಳು ಬಂದವು, ಒಪ್ಪಿದ್ದು ಇಷ್ಟು, ಒಪ್ಪದ್ದು ಇಷ್ಟು ಮತ್ತು ಯಾಕೆ, ಹಾಗಾಗಿ ಈ ಷರತ್ತು, ಇದರ ಪ್ರಮಾಣಕ್ಕೆ ಆಧಾರ ಇದು. ಮೊದಮೊದಲು ಒಂದು ಆದೇಶಕ್ಕೆ ಎರಡು ಗಂಟೆ ಹಿಡಿಯಿತು. ಈಗ ಮೇಜಿನ ಮೇಲಿನ ಫೈಲಿಗೂ ಕೈ ಹಾಗೇ ಓಡುತ್ತದೆ.

ನನ್ನ ಹಳ್ಳದ ಆದೇಶವನ್ನೂ ಅಲ್ಲಿ ಇಟ್ಟೆ. ಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಷರತ್ತು ಹಾಕುವ ಕಲಮಿನ ಸಂಖ್ಯೆ, ಹಳೆಯ ಪ್ರವಾಹದ ನೀರು ಎಲ್ಲಿವರೆಗೆ ಬಂದಿತ್ತು ಅನ್ನುವ ಗುರುತು, ದಡದ ಇಳಿಜಾರಿನ ಅಳತೆ, ಇವುಗಳಿಂದ ಅಗಲ ಹೇಗೆ ಬಂತು ಅನ್ನುವ ಎರಡು ಸಾಲು. ಎಲ್ಲ ಮಾಹಿತಿಯೂ ಅವತ್ತೇ ನನ್ನ ಕೈಯಲ್ಲಿತ್ತು.

ಹಂತ 10: ವಕೀಲರ ಹತ್ತಿರ ಯಾವಾಗ, ಏನು ಹಿಡಿದು ಹೋಗಬೇಕು

ಇಷ್ಟು ಕಲಿತ ಮೇಲೂ ನಾವು ವಕೀಲರಲ್ಲ. ನೋಟಿಸು ಬಂದಾಗ, ಪರಿಹಾರದ ಪ್ರಶ್ನೆ ಎದ್ದಾಗ, ಎರಡು ಕಾಯ್ದೆ ಒಂದಕ್ಕೊಂದು ಅಡ್ಡ ನಿಂತಾಗ, ತಡೆಯಾಜ್ಞೆ ಇರುವ ಜಾಗದಲ್ಲಿ, ನಿಮ್ಮದೋ ಸಂಬಂಧಿಕರದ್ದೋ ಹಿತಾಸಕ್ತಿ ಇರುವಾಗ ಕಾಯದೆ ಕೇಳಿ. ಕೊನೆಯದರಲ್ಲಿ ಫೈಲಿನಿಂದ ಹಿಂದೆ ಸರಿದು, ಸರಿದದ್ದನ್ನು ಬರೆದಿಡಿ.

ಹೋಗುವಾಗ ಫೈಲು ಹೊತ್ತುಕೊಂಡು ಹೋಗಿ "ಇದಕ್ಕೆ ಏನು ಮಾಡೋಣ" ಅನ್ನಬೇಡಿ. ಒಂದು ಪುಟ ಬರೆದುಕೊಂಡು ಹೋಗಿ. ಜಾಗದ ಸಂಗತಿ ಐದು ಸಾಲು. ತಾಗುವ ಕಲಮುಗಳ ಪೂರ್ತಿ ಪಠ್ಯ. ನೀವು ಕಂಡ ಒಂದೆರಡು ತೀರ್ಪು. ನಿಮ್ಮ ಓದಿನ ಪ್ರಕಾರ ಉತ್ತರ ಏನು, ಎಲ್ಲಿ ಅನುಮಾನ ಇದೆ. ಕೊನೆಗೆ ಹೌದು ಅಥವಾ ಇಲ್ಲ ಅಂತ ಉತ್ತರಿಸಬಹುದಾದ ಒಂದೇ ಪ್ರಶ್ನೆ. ಬಂದ ಅಭಿಪ್ರಾಯವನ್ನು ಹಂತ 1ರ ಕೋಷ್ಟಕದ ಸರಿಯಾದ ಮನೆಯಲ್ಲಿ ದಿನಾಂಕ ಹಾಕಿ ಬರೆದಿಡಿ. ಆರು ತಿಂಗಳ ನಂತರ ಅದೇ ಬಗೆಯ ಜಾಗ ಮತ್ತೆ ಬರುತ್ತದೆ, ಅಷ್ಟು ಹೊತ್ತಿಗೆ ನಿಮ್ಮ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರಬಹುದು.